ಮೂವತ್ತೊಂಬತ್ತು ಸೊನ್ನೆ

ಹಲೋ... ಹಾಂ, ಲೆಕ್ಚರರ್ ನಂಜುಂಡನ ಮನೇನೇ. ನಾನು ಅವನ ತಾಯಿ. ತಾವ್ಯಾರು?...

ಓಹೋ, ವೆಂಕಟಸುಬ್ಬಯ್ಯನೋರಾ! ವಡಾಲದಿಂದಾನಾ? ಇರಾನಿ ಚಹಾ ಅಂಗಡಿ ಫೋನಾ? ಸ್ವಲ್ಪ ಜೋರಾಗಿ ಹೇಳಿ...

ಹೌದು, ಹೆಣ್ಣು ನೋಡ್ಕೊಂಡು ಬಂದು ಹದಿನೈದು ದಿನ ಆಯ್ತು. ಉತ್ತರ ಬೇಕು, ಅಲ್ವಾ? ಹೇಳ್ತೀನಿ ತಡೀರಿ...

ಲಕ್ಷಣವಾಗಿದಾಳೆ, ಯಾರು ಇಲ್ಲ ಅಂದ್ರು? ಬಾಯಿ ಜಾಸ್ತಿ, ಅಷ್ಟೇ. ನನ್ನ ಮಗ ಸೈನ್ಸ್ ಪಾಠ ಹೇಳೋನು. ಗುರುತ್ವಾಕರ್ಷಣೆಗಿಂತ ದೊಡ್ಡ ಶಕ್ತಿ ಇಲ್ಲ ಅಂದ. ನಿಮ್ಮ ಮಗಳು ಪುಟ್ಟಲಕ್ಷ್ಮಿ ಏನು ಮಾಡಿದ್ಲು? ಎಲ್ಲರೆದುರು ತಲೆ ಬಾಚ್ಕೊಂಡು, ಆ ಬಾಚಣಿಗೇಲಿ ಕಾಗದದ ಚೂರು ಎತ್ತಿ ತೋರಿಸಿದ್ಲು! ಇಡೀ ಭೂಮಿ ಕೆಳಗೆ ಎಳೀತಿದ್ರೂ ಬಾಚಣಿಗೇನೇ ಗೆಲ್ತು ನೋಡಿ ಅಂತ!...

ತಮಾಷೆಗಾ? ಜೊತೆಗೆ ಬಂದಿದ್ದೋರೆಲ್ಲ ಕಿಸಕ್ಕಂತ ನಕ್ಕರು ಕಣ್ರೀ. ನನ್ನ ಮಗ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಪೆಚ್ಚಾಗಿ ಕೂತಿದ್ದ.

ಅದೂ ಸಾಲದೂಂತ ತಾನು ಲೆಕ್ಕ ಬರೆದಿಟ್ಟ ನೋಟ್‌ಬುಕ್ ಬೇರೆ ತಂದು ತೋರಿಸಿದ್ಲು! ಪರಮಾಣುವಿನೊಳಗೆ ವಿದ್ಯುತ್ತಿನ ಸೆಳೆತ, ಗುರುತ್ವಾಕರ್ಷಣೆಗಿಂತ ಒಂದರ ಮುಂದೆ ಮೂವತ್ತೊಂಬತ್ತು ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚಂತೆ. ಆ ಸಂಖ್ಯೇನ ಅದರಿಂದಲೇ ಗುಣಿಸಿದ್ರೆ, ವಿಶ್ವದಲ್ಲಿರೋ ಕಣಗಳ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಬರುತ್ತಂತೆ. ಯಾಕಿರಬಹುದು ಹೇಳಿ ಅಂತ ನಂಜುಂಡನ್ನೇ ಕೇಳ್ತಾಳೆ! ಲೆಕ್ಚರರಿಗೇ ಪರೀಕ್ಷೆ!...

ಇನ್ಮೇಲೆ ಇದನ್ನೆಲ್ಲ ಬಿಟ್ಟುಬಿಡ್ತಾಳಾ? ಬಾಯಿಮಾತಿಗೆ ನಾನು ನಂಬಲ್ಲ. ಪಕ್ಕದಲ್ಲೇ ಇದಾಳಾ? ಕಾಲೇಜಿಗೆ ಹೊರಟಿದ್ಲಾ? ಹಾಗಾದ್ರೆ ನೋಟ್‌ಬುಕ್ ಕೈಯಲ್ಲೇ ಇರಬೇಕು...

ಅದನ್ನ ಹರೀರಿ... ಹೂಂ, ಈಗಲೇ. ನೀವಲ್ಲ ಸುಬ್ಬಯ್ಯನೋರೇ, ಅವಳ ಕೈಲೇ ಹರಿಸಿ. ನನಗೆ ಕೇಳಿಸಬೇಕು...

ನಾಲ್ಕು ವರ್ಷ ಬರೆದಿದ್ದಾ? ಬೇರೆ ಪ್ರತಿ ಇಲ್ಲ ತಾನೇ?... ಒಳ್ಳೇದು. ಫೋನು ಅವಳ ಹತ್ರ ಹಿಡೀರಿ...

ಹಾಂ, ಕೇಳಿಸ್ತು... ಇನ್ನೂ ಇರಬೇಕಲ್ಲ? ರಟ್ಟಿನ ತನಕ ಹರೀಲಿ... ಆಯ್ತಾ? ಅಳ್ತಿದಾಳಾ? ಅಳ್ಲಿ ಬಿಡಿ.

ಏನಂದ್ರಿ? ಮುಹೂರ್ತಾನಾ? ಯಾರ ಮದುವೆಗೆ?... ಅಯ್ಯೋ, ಹರೀರಿ ಅಂದೆ, ಒಪ್ಪಿದೀವಿ ಅಂತ ಅಂದೆನಾ? ನಂಜುಂಡನಿಗೆ ಗುರುವಾರಾನೇ ನಿಶ್ಚಯ ಆಯ್ತಲ್ಲ. ಮಾಟುಂಗದೋರ ಹುಡುಗಿ. ಏಳನೇ ಕ್ಲಾಸಿಗೇ ಬಿಡಿಸಿದಾರೆ, ತಲೆ ಎತ್ತಿ ಮಾತಾಡಲ್ಲ...

ಸುಬ್ಬಯ್ಯನೋರೇ? ಹಲೋ?... ಯಾರದು, ಪುಟ್ಟಲಕ್ಷ್ಮೀನಾ?... ಏನು ಕೇಳ್ದೆ? ಯಾಕೆ ಹೀಗೆ ಮಾಡಿದ್ರಿ ಅಂತಾನಾ? ನಾನೇನು ಮಾಡ್ದೆ ಮಗು? ನೋಟ್‌ಬುಕ್ ಹರಿದಿದ್ದು ನಿನ್ನ ಕೈ ತಾನೇ... ಹಲೋ?... ಹಲೋ...