ಕೊಳವೆಯೊಳಗಿನ ಕೊಳವೆ

ಇದನ್ನು ನನಗೆ ಮೊದಲು ಹೇಳಿದ್ದು ನನ್ನ ಅತ್ತಿಗೆ, ದೀಪ ಆರಿಸಿದ ಮೇಲೆ. ಆದದ್ದು ಅವಳ ಸ್ವಂತ ತಂಗಿಗೆ. ತಂಗಿ ಅರಿವಳಿಕೆ ಡಾಕ್ಟರು. ಮನೆಯವರೆಲ್ಲ 'ನಿದ್ದೆ ಡಾಕ್ಟರು' ಅಂತ ಅವಳ ಕಾಲೆಳೆಯುತ್ತಿದ್ದರು.

ಪ್ರಜ್ಞೆ ತಪ್ಪಿಸಿದವರಿಗೆ ಉಸಿರು ಕೊಡಲು ಯಾವ ಏರ್ಪಾಡು ಮೇಲು ಅಂತ ಅವಳ ಆಸ್ಪತ್ರೆಯಲ್ಲಿ ಆಗ ಹೋಲಿಸಿ ನೋಡುತ್ತಿದ್ದರು. ಒಂದರಲ್ಲಿ ಎರಡು ಕೊಳವೆ, ಬಿಟ್ಟ ಉಸಿರನ್ನು ಶುದ್ಧ ಮಾಡುವ ಸುಣ್ಣದ ಡಬ್ಬಿ; ಕವಾಟಗಳು ಟಿಕ್... ಟಕ್ ಅನ್ನುತ್ತಿರುತ್ತವೆ. ಇನ್ನೊಂದು ಹಗುರ, ಕೊಳವೆಯೊಳಗೊಂದು ಕೊಳವೆ. ಒಳಗಿನದರಲ್ಲಿ ಹೊಸ ಗಾಳಿ ಬರುತ್ತದೆ, ಹೊರಗಿನದರಲ್ಲಿ ಬಿಟ್ಟ ಉಸಿರು ಹೋಗುತ್ತದೆ. ತಂಗಿಯ ಓಟು ಇದಕ್ಕೇ.

ಒಬ್ಬ ಟೈಲರ್ ಆಪರೇಷನ್ ಮೇಜಿನ ಮೇಲೆಯೇ ಹೋಗಿಬಿಟ್ಟ. ಒಳಗಿನ ಕೊಳವೆ ಕಳಚಿಕೊಂಡಿತ್ತು. ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಂಡಿದ್ದ. ಶುರು ಮಾಡುವ ಮುಂಚೆ ಅದನ್ನು ಪರೀಕ್ಷಿಸಬೇಕಾದವಳು ತಂಗಿ. ಆತುರದಲ್ಲಿ ಬಿಟ್ಟಿದ್ದಳು. ಕೇಳಿದಾಗ ಮಾತ್ರ, ನೋಡಿದ್ದೆ, ಸರಿಯಾಗಿಯೇ ಇತ್ತು ಅಂದುಬಿಟ್ಟಳು. ತಪ್ಪು, ಕೊಳವೆ ತೊಳೆದು ಜೋಡಿಸುವ, ಆಸ್ಪತ್ರೆಯಲ್ಲಿ ಎಲ್ಲರೂ 'ಮಾಮ' ಅನ್ನುವ ಕೆಲಸದವನ ತಲೆಗೆ ಬಂತು. ಬೆಳಗಾದರೆ ಅವನ ಕೆಲಸ ಹೋಗುವುದಿತ್ತು. ನಿದ್ದೆ ಡಾಕ್ಟರಿಗೇ ನಿದ್ದೆಯಿಲ್ಲ.

ಆ ರಾತ್ರಿ ಅವಳು ನಡೆದುಕೊಂಡೇ ಮನೆಗೆ ಹೊರಟಳು. ಪಾಳುಬಾವಿಯ ಹತ್ತಿರ ಬಂದಾಗ... ಹುಸ್ಸ್. ತಡೆದು, ಮತ್ತೆ... ಹುಸ್ಸ್. ಒದ್ದೆ ಬಟ್ಟೆಯೊಳಗಿಂದ ಯಾರೋ ಉಸಿರೆಳೆದ ಹಾಗೆ.

"ಡಾಕ್ಟ್ರಮ್ಮಾ..." ಟೈಲರನದೇ ದನಿ. "ಗಾಳಿ ಬದಲಾಗ್ತಾನೇ ಇಲ್ಲ."

"ನಾನು ನೋಡಿದ್ದೆ," ಅಂದಳು ಮೆಲ್ಲಗೆ.

ಸದ್ದು ನಿಂತಿತು. ಆಮೇಲೆ, ಕಿವಿಗೇ ಅಂಟಿಕೊಂಡಂತೆ... "ನೋಡಿದ್ರಾ?"

ಅವಳು ಬಿಟ್ಟ ಉಸಿರು ಮುಂದಕ್ಕೆ ಹೋಗಲಿಲ್ಲ. ಬಿಸಿಬಿಸಿಯಾಗಿ ಮುಖಕ್ಕೇ ತಿರುಗಿ ಬಂತು. ಎಳೆದರೆ ಅದೇ. ಇನ್ನೊಮ್ಮೆ ಎಳೆದರೂ ಅದೇ. ತಲೆ ಸಿಡಿಯತೊಡಗಿತು...

"ಇಲ್ಲ... ನೋಡ್ಲಿಲ್ಲ. ಸುಳ್ಳು ಹೇಳ್ದೆ."

ತಣ್ಣನೆ ಗಾಳಿ ಬೀಸಿತು.

ಬೆಳಿಗ್ಗೆ ಮುಖ್ಯಸ್ಥರ ಮುಂದೆ ನಿಂತು ಅದನ್ನೇ ಹೇಳಿದಳು. ಮಾಮನ ಕೆಲಸ ಉಳಿಯಿತು. ಅವಳನ್ನು ಬಹಳ ಕಾಲ ಕೆಲಸದಿಂದ ಹೊರಗಿಟ್ಟರು. ಕ್ಷಮೆ ಕೇಳಲು ಹೋದ ಇವಳಿಗೆ ಟೈಲರನ ಹೆಂಡತಿ ಬಾಗಿಲು ತೆಗೆದಿಲ್ಲ, ಇವತ್ತಿಗೂ.

ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಆ ಪರೀಕ್ಷೆ ಏನೂ ಕಷ್ಟದ್ದಲ್ಲ. ಒಳಗಿನ ಕೊಳವೆಯ ಬಾಯಿಗೆ ಕಿರುಬೆರಳು ಒತ್ತಿದರೆ, ಯಂತ್ರದಲ್ಲಿ ಗಾಳಿಯ ಹರಿವು ತೋರಿಸುವ ಪುಟ್ಟ ಗುಂಡು ಕೆಳಗಿಳಿಯಬೇಕು; ಇಳಿದರೆ ಕೊಳವೆ ಸರಿಯಿದೆ, ಅಷ್ಟೇ.

ಇವಳು ಬೆರಳು ಇಡುವ ಮೊದಲೇ ಅದು ಇಳಿದಿರುತ್ತದೆ, ಇನ್ಯಾರೋ ಬೆರಳು ಒತ್ತಿದ ಹಾಗೆ.

ನಂಬುವುದು ಬಿಡುವುದು ನಿಮ್ಮಿಷ್ಟ. ನನ್ನ ಅತ್ತಿಗೆ ಕಟ್ಟಿ ಹೇಳುವವಳಲ್ಲ, ಇದು ನಡೆದದ್ದೇ. ನಿಮ್ಮ ಪೈಕಿ ಯಾರಾದರೂ ಈ ಕೆಲಸ ಕಲಿಯುತ್ತಿದ್ದರೆ... ಅವರಿಗೂ ಹೇಳಿಬಿಡಿ.