ಮರಳಲ್ಲಿ ಬಿಟ್ಟು ಬಂದ ಫೆರೆಟ್

ಹೋದ ವಾರ ಮಣ್ಣಾದ ಗಂಡನ ಸಮಾಧಿಗೆಂದು ಹೂ ಹಿಡಿದು, ಹೆಸ್ಟರ್, ಬ್ರಾಂಡನ್ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತ ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದಳು. ಪಕ್ಕದಲ್ಲಿ ಮುದುಕ ಎಲೈಜಾ ಮತ್ತು ಅವನ ಹೆಂಡತಿಯ ತಮ್ಮ ಜೆಥ್ರೊ ನಿಂತಿದ್ದರು. ಮುಂಗುಸಿಯಂಥ ಫೆರೆಟ್ಟನ್ನು ಬಿಲಕ್ಕೆ ಬಿಟ್ಟು ಮೊಲ ಹಿಡಿಯುವುದು ಅವರ ಕಸುಬು. ಜೆಥ್ರೊನ ಕೋಲಿನಲ್ಲಿ ಸತ್ತ ಮೊಲಗಳು ತೂಗುತ್ತಿದ್ದವು.

“ನನ್ನ ಫೆರೆಟ್ ಎಲ್ಲೋ?”

“ಬಿಲದಲ್ಲೇ ಇದೆ ಭಾವ. ಮೊಲಗಳನ್ನೇನೋ ಬಲೆಗೆ ಓಡಿಸ್ತು. ಅದು ಬರೋ ಮುಂಚೆ ಮರಳು ಕುಸೀತು.”

“ಅಗೀಬೇಕಿತ್ತು.”

“ಅಗೆದೆ. ಅಗೆದಷ್ಟೂ ಜಾರ್ತಿತ್ತು. ಒಳಗೆ ಪರಪರ ಕೆರೀತಿತ್ತು.”

“ಜೀವ ಇದೆ ಹಾಗಾದ್ರೆ. ಬಾಯಿಗೆ ಕಟ್ಟಿದ ದಾರ?”

“ಹಾಗೇ ಇದೆ. ಕಟ್ಟದಿದ್ರೆ ಒಳಗೇ ಮೊಲ ತಿಂದು ಮಲಗಿಬಿಡುತ್ತೆ ಅಂತ ನೀನೇ ಹೇಳ್ಕೊಟ್ಟಿದ್ದು.”

“ಉಪವಾಸ ಬಿದ್ದು ಸಾಯುತ್ತೆ ಕಣೋ.”

“ನನ್ನಕ್ಕನ ಅಡುಗೆ ತಿಂದು ನೀನು ಸಾಯ್ತಿಲ್ವಾ, ಅಷ್ಟೇ ನಿಧಾನವಾಗಿ.”

ಎಲೈಜಾ ನಗಲಿಲ್ಲ. ಹೆಸ್ಟರಿಗೆ ಕೇಳದೆ ಇರಲಾಗಲಿಲ್ಲ.

“ಈಗಲೂ ಹೋಗಿ ಅಗೆದರೆ ಸಿಗಬಹುದಲ್ಲಪ್ಪಾ?”

“ಸಿಗುತ್ತಮ್ಮ. ಸಂಜೆವರೆಗೂ ಅಗೀಬೇಕು,” ಎಂದ ಎಲೈಜಾ, ಮರಳುದಿಬ್ಬದ ಕಡೆ ನೋಡುತ್ತ.

ಅಷ್ಟರಲ್ಲಿ ಬಸ್ಸು ಬಂತು.

“ನಮ್ಮನೇಲಿ ಫೆರೆಟ್ ಮರಿ ಹಾಕಿದೆ ಭಾವ. ಒಂದು ತಗೋ.”

“ಬಿಳೀದಿದೆಯಾ?”

“ಎರಡಿವೆ.”

“ದಪ್ಪ ಇರೋದನ್ನ ನನಗಿಡು,” ಎನ್ನುತ್ತ ಎಲೈಜಾ ಬಸ್ಸು ಹತ್ತಿದ.