ಮಗಳಿಗೆ ಸಿಗದ ಕೆಲಸ

ವೇದಿಕೆಯ ಮೇಲಿರುವ ಅಧ್ಯಕ್ಷೆ ಡಾಕ್ಟರ್ ವನಜಾಕ್ಷಿಯವರೇ, ಅತಿಥಿಗಳೇ, ಗಾಲಿಕುರ್ಚಿಗಳಲ್ಲಿ ಮುಂದಿನ ಸಾಲನ್ನೇ ಹಿಡಿದು ಕೂತಿರುವ ನಮ್ಮ ನಿಜವಾದ ಯಜಮಾನರೇ, ತಾಯಂದಿರೇ, ಸಭಿಕರೇ,

‘ಶ್ರೀರಂಗಯ್ಯನವರೇ, ನಿಮ್ಮ ಟ್ರಸ್ಟಿಗೆ ಮಾತ್ರ ಒಳ್ಳೆಯ ಕೆಲಸಗಾರರು ಹೇಗೆ ಸಿಗುತ್ತಾರೆ, ಗುಟ್ಟು ಹೇಳಿ’ ಎಂದು ತುರುವೇಕೆರೆಯ ಗೆಳೆಯರು ಕೇಳಿದ್ದಾರೆ. ಗುಟ್ಟೇನಿದೆ? ನನ್ನಂಥ ಕಾರ್ಯದರ್ಶಿ ಬಾಗಿಲ ಹೊರಗೆ ಕೂರಬೇಕು, ಅಷ್ಟೇ.

ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮನೆಗೇ ಹೋಗಿ ಆರೈಕೆ ಮಾಡುವುದು ನಮ್ಮ ಕೆಲಸ. ಈ ಕೆಲಸಕ್ಕೆ ಮೊದಲೆಲ್ಲ ಯಾರನ್ನು ಸೇರಿಸಿಕೊಳ್ಳುತ್ತಿದ್ದೆವು? ನಮ್ಮವರನ್ನೇ. ಟ್ರಸ್ಟಿಗಳ ಷಡ್ಡಕ, ಅಳಿಯನ ತಮ್ಮ, ಬಿಳಿಗೆರೆಯ ಬೀಗರ ಮಗ. ಸಂಬಳ ಕೇಳಿದರೆ ‘ಇದು ಸೇವೆ’ ಎನ್ನುತ್ತಿದ್ದೆವು. ಹುಡುಗರೂ ಸರ್ಕಾರಿ ಕೆಲಸ ಸಿಗುವವರೆಗೆ ಸೇವೆ ಮಾಡುತ್ತಿದ್ದರು!

ನಮ್ಮ ಕಣ್ಣು ತೆರೆಸಿದವರು ಕೆಂಕೆರೆ ಪಕ್ಕದ ಹಟ್ಟಿಯ ಚಿತ್ತಣ್ಣನವರು. ಮಲಗಿದ ಮಗ್ಗುಲಲ್ಲೇ ಇದ್ದು ಬೆನ್ನು ಹುಣ್ಣಾಗಿ, ಜ್ವರ ಏರಿ, ಅವರನ್ನು ಆಸ್ಪತ್ರೆಗೆ ಹೊತ್ತು ತಂದರು. ನಾನು ಕೇಳಿದೆ: “ನಮ್ಮ ಹುಡುಗ ವಾರವಾರ ಬರ್ತಿದ್ನಲ್ಲಪ್ಪಾ, ತೋರಿಸಬಾರದಿತ್ತಾ?”

“ಬತ್ತಿದ್ದ ಸ್ವಾಮಿ. ಬಾಗ್ಲಲ್ಲೇ ನಿಂತು ‘ಹೆಂಗಿದೀಯಪ್ಪ’ ಅಂತಿದ್ದ. ಒಳಿಕ್ಕೇ ಬರ್ದೋನ್ಗೆ ಬೆನ್ನು ಹೆಂಗ್ ತೋರ್ಸಾದು?”

ಸಭಿಕರೇ, ಆ ಮಾತನ್ನು ಹಾಗೇ ತಂದು ಟ್ರಸ್ಟಿನ ಸಭೆಯ ಮುಂದಿಟ್ಟೆ.

ವನಜಾಕ್ಷಿಯವರು ಹಟ ಹಿಡಿದರು. ಕೆಲಸ ಖಾಲಿ ಇದೆ ಎಂಬ ಪ್ರಕಟಣೆ ಹಟ್ಟಿಗಳಿಗೂ ಹುಳಿಯಾರಿನ ಸಂತೆಗೂ ನರ್ಸಿಂಗ್ ಕಾಲೇಜುಗಳಿಗೂ ಹೋಗಬೇಕು. ಸಂಬಳ ಎಷ್ಟೆಂದು ಅದರಲ್ಲೇ ಇರಬೇಕು. ಸಂದರ್ಶನ ಹುಳಿಯಾರಿನಲ್ಲೇ ಆಗಬೇಕು, ಬಂದವರ ಬಸ್ ಚಾರ್ಜು ನಮ್ಮದು. ಅರ್ಜಿ ಹಾಕಿದವರಲ್ಲಿ ನೆಂಟರಿದ್ದರೆ ಆ ಟ್ರಸ್ಟಿ ಎದ್ದು ಹೊರಗೆ ಹೋಗಬೇಕು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ.

ಮಾರನೆಯ ವಾರ ನನ್ನ ಮಗಳು ಯೋಗಿತಾ ಅರ್ಜಿ ಹಾಕಿದಳು.

ಎಂ.ಎಸ್.ಡಬ್ಲ್ಯು. ಓದಿದ ಹುಡುಗಿ, ಈ ಟ್ರಸ್ಟಿನ ಜಗುಲಿಯಲ್ಲೇ ಆಡಿ ಬೆಳೆದವಳು. ಹುಳಿಯಾರಿನ ಸಂದರ್ಶನದ ದಿನ ನಾನು ಎದ್ದು ಹೊರಗೆ ಕೂತೆ. ಕಿಟಕಿ ತೆರೆದಿತ್ತು, ಅದಕ್ಕೆ ನಾನೇನು ಮಾಡಲಿ?

ಹಿಂದೆಂದೂ ನಮ್ಮ ಟ್ರಸ್ಟಿನ ಕಡೆ ಸುಳಿಯದವರೆಲ್ಲ ಅಂದು ಬಂದಿದ್ದರು. ಅವರಲ್ಲಿ ಬೋರನಕಣಿವೆ ಕಡೆಯ ಹಟ್ಟಿಯ ಬಿಂದುಶ್ರೀ, ತುಮಕೂರಿನಲ್ಲಿ ನರ್ಸ್ ಆಗಿದ್ದವಳು. ನಮ್ಮವರು ಕೇಳುವ ಮೊದಲೇ ಅವಳೇ ಕೇಳಿದಳು: “ಸಂಬಳ ತಿಂಗ್ಳಿಗೆ ಸರ್ಯಾಗಿ ಬತ್ತದಾ ಮೇಡಂ? ಸೇವೆ ಅನ್ನಂಗಿದ್ರೆ ಈಗ್ಲೇ ಹೇಳ್ಬುಡಿ.”

“ಬರುತ್ತೆ ಕಣಮ್ಮ” ಎಂದ ವನಜಾಕ್ಷಿಯವರು ಕೇಳಿದರು: “ರೋಗಿ ಒಳಗೆ ಬರಬೇಡ ಅಂದ್ರೆ ಏನ್ಮಾಡ್ತೀಯಾ?”

“ಅವ್ರ ಅವ್ವನ ತಾವ ಕುಡಿಯಾಕೆ ನೀರು ಕೇಳ್ತೀನಿ. ಕುಂತು ಮಾತಾಡ್ತೀನಿ. ಅವತ್ತೇ ಆಗ್ದಿದ್ರೆ ನಾಳೆ ಹೋಯ್ತೀನಿ.”

ಅದೇ ಪ್ರಶ್ನೆಗೆ ಯೋಗಿತಾ ಕೊಟ್ಟ ಉತ್ತರವೇ ಮೇಲು ಎಂದು ನನಗನ್ನಿಸಿತು. ಈಗಲೂ ಅನ್ನಿಸುತ್ತದೆ. ಇರಲಿ. ಕೆಲಸ ಬಿಂದುಶ್ರೀಗೆ ಸಿಕ್ಕಿತು. ಚಿತ್ತಣ್ಣನವರ ಹುಣ್ಣು ಮಾಯಿಸಿದವಳು ಅವಳೇ. ನಾನು ಮಾತು ಉದ್ದ ಮಾಡಿದರೆ ಗಾಲಿ ತಿರುಗಿಸಿಕೊಂಡು ಹೊರಟು ಹೋಗುವಷ್ಟು ಗಟ್ಟಿಯಾಗಿ ಅವರಿಂದು ಇಲ್ಲಿ ಕೂತಿದ್ದಾರೆ!

ಮನೆಯಲ್ಲಿ? ನನ್ನ ಶ್ರೀಮತಿ ಚಿಕ್ಕಗೌರಮ್ಮ ಮೂರನೆಯ ಸಾಲಿನಲ್ಲಿದ್ದಾಳೆ, ನನ್ನ ಕಡೆ ನೋಡುತ್ತಿಲ್ಲ. ಅವತ್ತು ಅವಳೆಂದಳು: “ಊರ ಮಕ್ಳಿಗೆಲ್ಲ ಕೆಲ್ಸ ಕೊಟ್ರಿ. ಮನೆ ಮಗಳಿಗೆ ಚಪ್ಪಾಳೆ ಕೊಟ್ರಿ.”

ಯೋಗಿತಾ ಅಳಲಿಲ್ಲ. “ನಂಗೇ ಸಿಕ್ಕಿದ್ರೆ ನಾನು ಗೆದ್ನೋ, ನೀನು ಗೆಲ್ಸಿದ್ಯೋ ಗೊತ್ತಾಯ್ತಿರ್ಲಿಲ್ಲ ಬುಡಪ್ಪ” ಎಂದಳು. ಹಾಸನದಲ್ಲಿ ಕಿವಿ ಕೇಳದ ಮಕ್ಕಳ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದಳು. ಅಲ್ಲಿ ನನಗೆ ಗೊತ್ತಿರುವವರು ಒಬ್ಬರೂ ಇಲ್ಲ. ಹುಡುಕಿ ನೋಡಿದೆ, ನಿಜವಾಗಿಯೂ ಇರಲಿಲ್ಲ. ಕೆಲಸ ಸಿಕ್ಕಿತು.

ಕಳೆದ ತಿಂಗಳು ಒಂದು ಚೀಲ ಕೊಬ್ಬರಿ ಹಿಡಿದು, ಹೇಳದೆ ಕೇಳದೆ ಹೋದೆ. ಗೇಟಿನಲ್ಲಿ ಕಾವಲುಗಾರ ತಡೆದು, ಯಾರೆಂದು ಕೇಳಿದ. ನಮ್ಮ ತಿಪಟೂರಿನಲ್ಲಿ ನನ್ನನ್ನು ಹಾಗೆ ಕೇಳಿದವರಿಲ್ಲ. ಯೋಗಿತಾಳ ತಂದೆ ಎಂದೆ. ಆತ ಕುರ್ಚಿ ಬಿಟ್ಟು ಎದ್ದ. “ಯೋಗಿತಾ ಮೇಡಂ ಅವ್ರ ತಂದೆಯವ್ರಾ! ಬನ್ನಿ ಸಾರ್, ಕೂತ್ಕೊಳಿ” ಎಂದು ತಾನು ಕೂತಿದ್ದ ಕುರ್ಚಿಯನ್ನೇ ಒರೆಸಿ ಕೊಟ್ಟ.

ಕೂತೆ. ಸಭಿಕರೇ, ಎಷ್ಟೋ ವೇದಿಕೆಗಳ ಮೇಲೆ ಕೂತಿದ್ದೇನೆ. ಅಂಥ ಕುರ್ಚಿ ಸಿಕ್ಕಿರಲಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮ್ಮೆಲ್ಲರಿಗೂ, ಅಂದು ನನ್ನನ್ನು ಹೊರಗೆ ಕಳಿಸಿದ ಅಧ್ಯಕ್ಷೆಗೂ ಧನ್ಯವಾದ. ನಮಸ್ಕಾರ.